ಶಾಲೆಯ ಜಗಲಿಯಿಂದ: ಲಂಡನ್ನಿನಲ್ಲಿರುವ ನಮ್ಮ ಮನೆ



ಮೂವತ್ತು ವರ್ಷಗಳಿಂದ ಮಕ್ಕಳ ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದುತ್ತ ಬಂದವನು ನಾನು. ಈ ತಿಂಗಳು ನನ್ನದೇ ಒಂದು ತಪ್ಪನ್ನು ತಮ್ಮೆಲ್ಲರ ಸಮಕ್ಷಮದಲ್ಲಿ ತಿದ್ದಿಕೊಳ್ಳಬೇಕಾದ ಪ್ರಸಂಗ ಒದಗಿದೆ. ತಪ್ಪನ್ನು ತೋರಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿಯೇ ಆದುದರಿಂದ ನಾಚಿಕೆಗಿಂತ ಸಂತೋಷವೇ ಹೆಚ್ಚಾಗಿದೆ.

ನಮ್ಮ ಕಾಸರಗೋಡಿನ ಒಳನಾಡಿನ ಅಡಿಕೆ ತೋಟದ ಮನೆಯ ಹುಡುಗ ಅವನು. ಈಗ ಪತ್ನೀಸಮೇತನಾಗಿ ಲಂಡನ್ ನಗರದಲ್ಲಿದ್ದು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಉದ್ಯೋಗ ಮಾಡುತ್ತಿದ್ದಾನೆ. ಕಳೆದ ವರ್ಷ ದಂಪತಿಗಳಿಗೆ ಹೆಣ್ಣುಮಗುವಾಯಿತು. ತಾಯಿತಂದೆ ಇಬ್ಬರೂ ಭಾರತೀಯರಾದ ಮೇಲೆ ಮಗುವೂ ತಾನಾಗಿ ಭಾರತೀಯಳೇ ಸರಿ ಎಂದು ಅವನು ನೆಮ್ಮದಿಯಿಂದಿದ್ದ. ಮಗುವಿಗೆ ಹನ್ನೊಂದು ತಿಂಗಳು ತುಂಬಿದಾಗ ಪರಿಚಿತರೊಬ್ಬರು ಎಚ್ಚರಿಸಿದರಂತೆ: ನಮ್ಮ ಪೌರತ್ವದ ಕಾನೂನಿನ ಪ್ರಕಾರ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಅಲ್ಲಿಯ ಭಾರತೀಯ ಕಚೇರಿಯಲ್ಲಿ ನೋಂದಾಯಿಸತಕ್ಕದ್ದು, ಆ ಅವಧಿ ಮೀರಿದರೆ ಕೇಂದ್ರ ಸರಕಾರದ ಅನುಮತಿಯನ್ನು ಬೇಡಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಆ ದೇಶದ ಪೌರತ್ವವೂ ದೊರೆಯುವುದಿಲ್ಲ; 1983ರ ಜನವರಿ 1ರಿಂದ ಅಲ್ಲಿಯ ಕಾನೂನು ಬದಲಾಗಿದೆ. ಹೀಗೆ ಹಾಲುಗಲ್ಲದ ಆ ಕೂಸು ಅಲ್ಲಿಯೂ ಸಲ್ಲದೆ, ಇಲ್ಲಿಯ ದಾಖಲೆಯಲ್ಲಿಯೂ ಸೇರದೆ ನಿಲ್ಲುವ ಭಯ ಹುಟ್ಟಿತು. ಅವನು ಕಾಗದಪತ್ರಗಳನ್ನು ಹೊಂದಿಸಿಕೊಂಡು, ಮಗುವನ್ನೆತ್ತಿಕೊಂಡು ಓಡಿದ.

ಆ ದಿನ ಅವನು ಬರೆದ ಓಲೆಯ ಸಾಲುಗಳು ಇವು: “ಮಾಷ್ಟ್ರೇ, ಎಂಟನೆಯ ತರಗತಿಯಲ್ಲಿ ನೀವು ಹೇಳಿದ್ದು ನೆನಪಿದೆಯೇ? ರಾಯಭಾರ ಕಚೇರಿಯ ಹೊಸ್ತಿಲು ದಾಟಿದರೆ ಸ್ವದೇಶದ ನೆಲವನ್ನೇ ಮೆಟ್ಟಿದಂತೆ ಎಂದಿದ್ದಿರಿ. ನಾನು ಬಲಗಾಲಿಟ್ಟು ಒಳಗೆ ಹೋದೆ. ಮಗಳ ಪಾದವನ್ನೂ ನೆಲಕ್ಕೆ ತಾಗಿಸಿದೆ. ಜತೆಗಿದ್ದ ಮಂಗಳೂರಿನ ಗೆಳೆಯ, ಕಾನೂನು ಓದಿದವನು, ನಕ್ಕುಬಿಟ್ಟ. ‘ಇದು ಇಂಗ್ಲೆಂಡಿನ ನೆಲವೇ ಮಾರಾಯ’ ಎಂದ. ಯಾರು ಸರಿ ಮಾಷ್ಟ್ರೇ?”

ಗೆಳೆಯನೇ ಸರಿ. ನಾನು ಕಲಿಸಿದ್ದು ತಪ್ಪು. ಆದರೆ ಬರಿದೆ ತಪ್ಪೆಂದು ಗೀಟು ಹಾಕಿದರೆ ಪಾಠ ಮುಗಿಯುವುದಿಲ್ಲ. ಸರಿ ಯಾವುದೆಂದು ಬರೆದು ತೋರಿಸಬೇಕು. ಓಲೆಯ ಜತೆಗೆ ಅವನು ಆ ಕಟ್ಟಡದ ಕೆಲವು ಚಿತ್ರಗಳನ್ನು ಕಳುಹಿಸಿದ್ದ. ಅವುಗಳನ್ನು ಮುಂದಿಟ್ಟುಕೊಂಡು ಕೆಲವು ದಿನ ಓದಿದೆ. ಓದಿದಂತೆಲ್ಲ ಆ ಮನೆಯ ಕಥೆ ಗಡಿನಾಡಿನವರಾದ ನಮಗೆ ಹತ್ತಿರದ್ದಾಗಿ ಕಂಡಿತು. ಅದನ್ನೇ ಈ ಸಲ ತಮ್ಮ ಮುಂದಿಡುತ್ತೇನೆ.

ಆ ಕಟ್ಟಡದ ಹೆಸರು ಇಂಡಿಯಾ ಹೌಸ್. ವಾಡಿಕೆಯಲ್ಲಿ ರಾಯಭಾರ ಕಚೇರಿ ಎಂದರೂ ಅದರ ಸರಿಯಾದ ಹೆಸರು ಭಾರತದ ಹೈಕಮಿಷನ್. ಈ ಹೆಸರಿಗೆ ಕಾರಣವುಂಟು. ರಾಯಭಾರಿ ಎಂಬವನು ಒಬ್ಬ ದೊರೆಯಿಂದ ಇನ್ನೊಬ್ಬ ದೊರೆಗೆ ಹೋಗತಕ್ಕವನು. ಬ್ರಿಟಿಷ್ ಸಾಮ್ರಾಜ್ಯದ ಅಂಗಗಳಾಗಿದ್ದ ದೇಶಗಳಿಗೆ ದೊರೆ ಒಬ್ಬನೇ. ತನ್ನಿಂದ ತನಗೇ ರಾಯಭಾರಿಯನ್ನು ಕಳುಹಿಸುವುದು ಹೇಗೆ? ಆದುದರಿಂದ 1880ರಲ್ಲಿ ಕೆನಡಾ ದೇಶವು ಲಂಡನ್ನಿಗೆ ತನ್ನ ಪ್ರತಿನಿಧಿಯನ್ನು ಕಳುಹಿಸಿದಾಗ ಅವನನ್ನು ಹೈಕಮಿಷನರ್ ಎಂದು ಕರೆದರು. ಭಾರತವು 1950ರ ಜನವರಿ 26ರಂದು ಗಣರಾಜ್ಯವಾದರೂ ಕಾಮನ್‌ವೆಲ್ತ್ ಕೂಟದಲ್ಲಿ ಉಳಿದುದರಿಂದ ಆ ಕೂಟದ ದೇಶಗಳೊಳಗೆ ಈ ಹೆಸರೇ ಮುಂದುವರಿಯಿತು. ಹೆಸರು ಬೇರೆಯಾದರೂ ಕೆಲಸವೂ ಗೌರವವೂ ರಾಯಭಾರಿಯದ್ದೇ.

ಲಂಡನ್ನಿನಲ್ಲಿ ಭಾರತದ ಹೆಸರನ್ನು ಹೊತ್ತ ಮನೆ ಇದೊಂದೇ ಅಲ್ಲ. ಇದಕ್ಕೂ ಮೊದಲು ಮೂರು ಮನೆಗಳಿದ್ದವು. ಅವುಗಳ ಪರಿಚಯವಿಲ್ಲದೆ ಈ ನಾಲ್ಕನೆಯದರ ಬೆಲೆ ತಿಳಿಯುವುದಿಲ್ಲ.

ಮೊದಲನೆಯದು ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಹೌಸ್. ಈಸ್ಟ್ ಇಂಡಿಯಾ ಕಂಪೆನಿಯ ಪ್ರಧಾನ ಕಚೇರಿ. ಕರಿಮೆಣಸು, ಬಟ್ಟೆ, ಚಹಾಗಳ ಲೆಕ್ಕ ಬರೆಯುತ್ತಿದ್ದ ಈ ಮನೆಯೇ ಕಾಲಾಂತರದಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರ ತಲೆಯ ಮೇಲಿನ ಸರಕಾರವಾಯಿತು. ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಇಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗುಮಾಸ್ತನಾಗಿದ್ದ. ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಕೂಡ ಇಲ್ಲಿಯ ನೌಕರನೇ. ಕನ್ನಡಿಗರಿಗೆ ಈ ಮನೆಯ ಇನ್ನೊಂದು ನೆನಪಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಿಂದ ಕೊಂಡೊಯ್ದ ವಸ್ತುಗಳಲ್ಲಿ ಮರದ ಹುಲಿಯೊಂದಿತ್ತು. ಕೆಳಗೆ ಬಿದ್ದ ಪರಂಗಿಯ ಮೇಲೆರಗಿದ ಹುಲಿ ಅದು. ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಬಿದ್ದವನು ನರಳುತ್ತಾನೆ. 1808ರಿಂದ ಇದನ್ನು ಲೆಡನ್‌ಹಾಲ್ ಬೀದಿಯ ಮನೆಯಲ್ಲಿ ಪ್ರದರ್ಶನಕ್ಕಿಟ್ಟರು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. 1857ರ ಬಂಡಾಯದ ತರುವಾಯ ಕಂಪೆನಿಯ ಆಳ್ವಿಕೆ ಮುಗಿಯಿತು. ಕಟ್ಟಡವನ್ನು 1861ರಲ್ಲಿ ಕೆಡವತೊಡಗಿದರು.

ಎರಡನೆಯದು ಇಂಡಿಯಾ ಆಫೀಸ್. ರಾಣಿಯ ಸರಕಾರವು ಆಡಳಿತವನ್ನು ಕೈಗೆತ್ತಿಕೊಂಡ ಬಳಿಕ ವೈಟ್‌ಹಾಲಿನಲ್ಲಿ ವಿದೇಶಾಂಗ ಕಚೇರಿಯ ಮಗ್ಗುಲಲ್ಲೇ ಇದನ್ನು ಕಟ್ಟಿದರು. ನಡುವೆ ದರ್ಬಾರ್ ಅಂಗಳವೆಂದು ಹೆಸರಾದ ಭವ್ಯ ಪ್ರಾಂಗಣವಿದೆ. ಭಾರತದ ಮಂತ್ರಿಯೆಂದು ಕರೆಯಲ್ಪಟ್ಟ ಇಂಗ್ಲಿಷರು ಇಲ್ಲಿ ಕುಳಿತು ಕೋಟ್ಯಂತರ ಜನರ ಹಣೆಬರಹ ಬರೆಯುತ್ತಿದ್ದರು. ಆ ಮಂತ್ರಿಯ ಸಂಬಳ ಹೋಗುತ್ತಿದ್ದುದು ನಮ್ಮ ತೆರಿಗೆಯ ಹಣದಿಂದ. 1867ರಲ್ಲಿ ತುರ್ಕಿಯ ಸುಲ್ತಾನನು ಲಂಡನ್ನಿಗೆ ಬಂದಾಗ ಈ ಕಟ್ಟಡದಲ್ಲಿ ಅವನಿಗೆ ವೈಭವದ ಔತಣಕೂಟ ನಡೆಯಿತು. ಖರ್ಚನ್ನು ಹಾಕಿದ್ದು ಭಾರತದ ಬೊಕ್ಕಸಕ್ಕೆ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೆನ್ರಿ ಫಾಸೆಟ್ ಎಂಬ ದೃಷ್ಟಿಹೀನ ಸದಸ್ಯರು ಈ ಅನ್ಯಾಯವನ್ನು ಎತ್ತಿ ಆಡಿದರು. ನೆಂಟ ಅವರ ಮನೆಗೆ, ಅಕ್ಕಿ ನಮ್ಮ ಕಣಜದಿಂದ!

ಮೂರನೆಯ ಮನೆ ಇವೆರಡಕ್ಕೂ ಎದುರಾಗಿ ನಿಂತುದು. ಶ್ಯಾಮಜಿ ಕೃಷ್ಣವರ್ಮರು 1905ರ ಜುಲೈ 1ರಂದು ಹೈಗೇಟ್ ಎಂಬಲ್ಲಿ ಭಾರತೀಯ ವಿದ್ಯಾರ್ಥಿಗಳಿಗಾಗಿ ವಸತಿಗೃಹವೊಂದನ್ನು ತೆರೆದರು. ಅದಕ್ಕೂ ಇಂಡಿಯಾ ಹೌಸ್ ಎಂದೇ ಹೆಸರು. ಬಾಗಿಲು ತೆರೆದ ದಿನ ದಾದಾಭಾಯಿ ನವರೋಜಿಯವರೂ ಮೇಡಂ ಕಾಮಾ ಅವರೂ ಅಲ್ಲಿದ್ದರು. ಮರುವರ್ಷ ವಿ. ಡಿ. ಸಾವರ್ಕರರು ಬಂದು ನೆಲಸಿದರು. ಸ್ವಾತಂತ್ರ್ಯದ ಮಾತನ್ನು ಬಿಸಿರಕ್ತದ ಯುವಕರು ಗಟ್ಟಿಯಾಗಿ ಆಡುತ್ತಿದ್ದ ಮನೆ ಅದು. 1909ರಲ್ಲಿ ಮದನಲಾಲ್ ಧಿಂಗ್ರಾ ಎಂಬ ತರುಣ ಕರ್ಜನ್ ವೈಲಿ ಎಂಬ ಅಧಿಕಾರಿಯನ್ನು ಗುಂಡಿಕ್ಕಿ ಕೊಂದ ಬಳಿಕ ಪೋಲೀಸರ ಕಣ್ಣು ಬಿಗಿಯಾಗಿ ಆ ಮನೆ ಮುಚ್ಚಿಹೋಯಿತು. ನಮ್ಮ ಇಂದಿನ ಇಂಡಿಯಾ ಹೌಸಿನೊಂದಿಗೆ ಇದನ್ನು ಬೆರೆಸಿ ಹೇಳುವವರುಂಟು. ಅದು ಬೇರೆ, ಇದು ಬೇರೆ.

ಇನ್ನು ನಾಲ್ಕನೆಯ ಮನೆಗೆ ಬರೋಣ. 1919ರ ಭಾರತ ಸರಕಾರದ ಕಾನೂನು ಭಾರತಕ್ಕೆ ಲಂಡನ್ನಿನಲ್ಲಿ ಒಬ್ಬ ಹೈಕಮಿಷನರನ್ನು ಕೊಟ್ಟಿತು. 1920ರಲ್ಲಿ ಸರ್ ವಿಲಿಯಂ ಮೇಯರ್ ಎಂಬವರು ಮೊದಲ ಹೈಕಮಿಷನರ್ ಆದರು. ಆಳುವ ಕೆಲಸ ಇಂಡಿಯಾ ಆಫೀಸಿನಲ್ಲಿಯೇ ಉಳಿಯಿತು. ಭಾರತ ಸರಕಾರಕ್ಕೆ ಬೇಕಾದ ಸರಕುಗಳನ್ನು ಖರೀದಿಸುವುದು, ವ್ಯಾಪಾರ ವೃದ್ಧಿ, ಓದಲು ಬಂದ ಭಾರತೀಯ ವಿದ್ಯಾರ್ಥಿಗಳ ಯೋಗಕ್ಷೇಮ, ಇಷ್ಟು ಹೈಕಮಿಷನರ ಪಾಲಿಗೆ ಬಂತು. ಆರಂಭದಲ್ಲಿ ಕಚೇರಿ ಗ್ರೋವನರ್ ಗಾರ್ಡನ್ಸ್ ಎಂಬಲ್ಲಿಯ ಮನೆಗಳಲ್ಲಿತ್ತು. 1925ರಲ್ಲಿ ಹೈಕಮಿಷನರ್ ಆಗಿದ್ದ ಬಂಗಾಳದ ಸರ್ ಅತುಲ್ ಚಟರ್ಜಿಯವರು ಭಾರತಕ್ಕೆ ತಕ್ಕುದಾದ ಸ್ವಂತ ಕಟ್ಟಡ ಬೇಕೆಂದು ಪ್ರಸ್ತಾಪಿಸಿದರು.

ದೊರೆತ ನಿವೇಶನ ಆಲ್ಡ್ವಿಚ್ ಎಂಬ ರಸ್ತೆಯಲ್ಲಿ. ಲಂಡನ್ನಿನ ಹಳೆಯ ಸ್ಟ್ರ್ಯಾಂಡ್ ಬೀದಿಗೆ ಅಂಟಿಕೊಂಡು ಬಿಲ್ಲಿನಂತೆ ಬಾಗಿದ ರಸ್ತೆ ಇದು. ಇಕ್ಕಟ್ಟಾದ ಹಳೆಯ ಕೇರಿಗಳನ್ನು ತೆರವು ಮಾಡಿ ಅಲ್ಲಿಯ ನಗರಾಡಳಿತವು 1905ರಲ್ಲಿ ಇದನ್ನು ಸಂಚಾರಕ್ಕೆ ತೆರೆದಿತ್ತು. ಪಕ್ಕದಲ್ಲಿಯೇ ಬುಷ್ ಹೌಸ್ ಎಂಬ ದೊಡ್ಡ ಕಟ್ಟಡವಿದೆ. 1941ರಿಂದ 2012ರವರೆಗೆ ಬಿ.ಬಿ.ಸಿ.ಯ ಹೊರದೇಶಗಳ ಪ್ರಸಾರ ನಡೆಯುತ್ತಿದ್ದುದು ಅಲ್ಲಿಂದಲೇ. ರಾತ್ರಿ ರೇಡಿಯೋದ ಮುಳ್ಳು ತಿರುಗಿಸುತ್ತ ನಮ್ಮ ಹಿರಿಯರು ಕೇಳುತ್ತಿದ್ದ ಲಂಡನ್ನಿನ ದನಿ ಇಂಡಿಯಾ ಹೌಸಿನ ನೆರೆಮನೆಯದ್ದಾಗಿತ್ತು ಎಂದರೆ ನಮ್ಮ ಮನೆಗಳಲ್ಲಿ ಯಾರೂ ನಂಬಲಿಕ್ಕಿಲ್ಲ.

ಕಟ್ಟಡದ ಶಿಲ್ಪಿ ಸರ್ ಹರ್ಬರ್ಟ್ ಬೇಕರ್. ದೆಹಲಿಯ ಸೆಕ್ರೆಟೇರಿಯೆಟ್ಟಿನ ಜೋಡಿ ಕಟ್ಟಡಗಳನ್ನೂ, 1927ರಲ್ಲಿ ಉದ್ಘಾಟನೆಗೊಂಡ ದುಂಡನೆಯ ಹಳೆಯ ಸಂಸತ್ ಭವನವನ್ನೂ ರೂಪಿಸಿದವರಲ್ಲಿ ಪ್ರಮುಖರು. ಹೊರಗೋಡೆಗೆ ಅವರು ಲಂಡನ್ನಿನ ದೊಡ್ಡ ಕಟ್ಟಡಗಳಲ್ಲಿ ಕಾಣುವ ಬಿಳುಪಾದ ಪೋರ್ಟ್‌ಲೆಂಡ್ ಕಲ್ಲನ್ನೇ ಬಳಸಿದರು. ಬೀದಿಯ ಉಳಿದ ಮನೆಗಳ ನಡುವೆ ಅದು ಪರಕೀಯವಾಗಿ ಕಾಣಬಾರದು. ಒಳಗೆ ಕಾಲಿಟ್ಟವರಿಗೆ ಮಾತ್ರ ಭಾರತ ಕಾಣಬೇಕು: ಕೆಂಪು ಮರಳುಗಲ್ಲು, ಜಾಲಂಧ್ರಗಳು, ಮೇಲೆ ಗುಮ್ಮಟವುಳ್ಳ ಎಂಟು ಮೂಲೆಯ ಸಭಾಂಗಣ. ಹೊರಗೆ ಊರಿನ ಉಡುಗೆ, ಒಳಗೆ ತವರಿನ ಮಾತು.

1930ರ ಜುಲೈ 8ರಂದು ಐದನೆಯ ಜಾರ್ಜ್ ಚಕ್ರವರ್ತಿ ಇದನ್ನು ಉದ್ಘಾಟಿಸಿದ. ಆ ವರ್ಷವನ್ನು ತಾವು ಮರೆತಿರಲಾರಿರಿ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಗಾಂಧೀಜಿಯವರು ದಂಡಿಗೆ ನಡೆದಿದ್ದರು. ಏಪ್ರಿಲಿನಲ್ಲಿಯೇ ಅಂಕೋಲೆಯ ಕಡಲದಂಡೆಯಲ್ಲಿ ಕನ್ನಡಿಗರೂ, ನಮ್ಮ ದಕ್ಷಿಣಕ್ಕಿರುವ ಪಯ್ಯನ್ನೂರಿನಲ್ಲಿ ಕೆ. ಕೇಳಪ್ಪನ್ ಅವರ ಮುಂದಾಳುತನದಲ್ಲಿ ಮಲಯಾಳಿಗಳೂ ಉಪ್ಪು ಕಾಯಿಸಿ ಕಾನೂನು ಮುರಿದಿದ್ದರು. ಚಕ್ರವರ್ತಿಯು ಇಂಡಿಯಾ ಹೌಸಿನ ಬಾಗಿಲು ತೆರೆದ ದಿನ ಗಾಂಧೀಜಿ ಯೆರವಡಾ ಸೆರೆಮನೆಯಲ್ಲಿದ್ದರು. ಭಾರತಕ್ಕಾಗಿ ಮನೆ ಕಟ್ಟಿದ್ದಾಯಿತು. ಯಜಮಾನನನ್ನು ಮಾತ್ರ ಬಂದೀಖಾನೆಯಲ್ಲಿಟ್ಟಿದ್ದಾಯಿತು.

ಒಳಗಿನ ಚಿತ್ರಗಳ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಗುಮ್ಮಟವನ್ನೂ ಗೋಡೆಯ ಕಮಾನುಗಳನ್ನೂ ಅಲಂಕರಿಸಲು ಭಾರತದಿಂದ ನಾಲ್ವರು ತರುಣ ಕಲಾವಿದರನ್ನು ಆರಿಸಿದರು: ಲಲಿತ್ ಮೋಹನ್ ಸೇನ್, ರಣದಾ ಉಕೀಲ್, ಸುಧಾಂಶು ಶೇಖರ್ ಚೌಧುರಿ ಮತ್ತು ತ್ರಿಪುರಾದ ರಾಜಮನೆತನದವರೂ ಶಾಂತಿನಿಕೇತನದಲ್ಲಿ ಕಲಿತವರೂ ಆದ ಧೀರೇಂದ್ರ ಕೃಷ್ಣ ದೇವವರ್ಮ. 1929ರಲ್ಲಿ ಲಂಡನ್ನಿಗೆ ಹೋಗಿ ರಾಯಲ್ ಕಾಲೇಜ್ ಆಫ್ ಆರ್ಟ್ ಎಂಬ ಕಲಾಶಾಲೆಯಲ್ಲಿ ಇವರು ಅಭ್ಯಾಸ ಮಾಡಿದರು. ರವೀಂದ್ರನಾಥ ಠಾಕೂರರ ಸ್ನೇಹಿತರಾಗಿದ್ದ ವಿಲಿಯಂ ರೋಥನ್‌ಸ್ಟೈನ್ ಆಗ ಅಲ್ಲಿಯ ಪ್ರಾಂಶುಪಾಲರು. ಗೋಡೆಗಳ ಮೇಲೆ ಹಳೆಯ ಗುರುಗಳು ಬರೆದ ಚಿತ್ರಗಳನ್ನು ನೋಡಲು ಇಟಲಿಗೂ ಹೋಗಿಬಂದರು. ಅನಂತರ ಬಣ್ಣಕ್ಕೆ ಮೊಟ್ಟೆಯ ಹಳದಿಯನ್ನು ಬೆರೆಸುವ ಹಳೆಯ ಕ್ರಮವನ್ನನುಸರಿಸಿ ಭಾರತದ ಇತಿಹಾಸ ಪುರಾಣಗಳನ್ನು ಆ ಪರದೇಶದ ಮಾಡಿನ ಕೆಳಗೆ ಬರೆದರು. ಕಟ್ಟಡದ ಯೋಜನೆ ಇಂಗ್ಲಿಷರದ್ದಾದರೂ ತಲೆಯೆತ್ತಿ ನೋಡಿದರೆ ಕಾಣುವುದು ನಮ್ಮವರ ಕೈಬರಹ.

ಈಗ ನನ್ನ ಮನಸ್ಸಿನಲ್ಲಿ ಬಹಳ ಹೊತ್ತು ನಿಂತ ಸಂಗತಿಯನ್ನು ಹೇಳುತ್ತೇನೆ. ಇಂಡಿಯಾ ಹೌಸಿನ ಹೊರಗೋಡೆಯಲ್ಲಿ ಅಂದಿನ ಭಾರತದ ಹನ್ನೆರಡು ಪ್ರಾಂತಗಳ ಲಾಂಛನಗಳನ್ನು ಕೆತ್ತಿದ್ದಾರೆ. ಆ ಲಾಂಛನಗಳು ಇಂದಿಗೂ ಅಲ್ಲಿವೆ. 1930ರ ಭಾರತದ ಭೂಪಟವನ್ನು ಕಲ್ಲಿನಲ್ಲಿ ಓದಿದಂತೆ ಅದು. ಆಗ ಬರ್ಮಾ ದೇಶವೂ ಭಾರತದ ಒಂದು ಪ್ರಾಂತವಾಗಿತ್ತು, 1937ರಲ್ಲಿ ಬೇರೆಯಾಯಿತು. 1947ರಲ್ಲಿ ಪಂಜಾಬವೂ ಬಂಗಾಳವೂ ಸೀಳಿದವು; ವಾಯವ್ಯ ಗಡಿನಾಡು, ಬಲೂಚಿಸ್ತಾನಗಳು ಪಾಕಿಸ್ತಾನಕ್ಕೆ ಸಂದವು. 1936ರಿಂದ 1941ರವರೆಗೆ ಇದೇ ಇಂಡಿಯಾ ಹೌಸಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ಫಿರೋಜ್ ಖಾನ್ ನೂನ್ ಅವರು 1957ರಲ್ಲಿ ಪಾಕಿಸ್ತಾನದ ಪ್ರಧಾನಮಂತ್ರಿಯಾದರು ಎಂಬುದನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆ ಭೂಪಟದಲ್ಲಿ ನಾವು ಎಲ್ಲಿದ್ದೆವು? ಕನ್ನಡದ ಹೆಸರಿನ ಪ್ರಾಂತವೇ ಆಗ ಇರಲಿಲ್ಲ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿ ಮದ್ರಾಸ್ ಪ್ರಾಂತದಲ್ಲಿತ್ತು. ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಅದರಲ್ಲಿಯೇ. ಸೊಲ್ಲಾಪುರ ಮುಂಬಯಿ ಪ್ರಾಂತದಲ್ಲಿ. ಅಕ್ಕಲಕೋಟೆ, ಜತ್ತಗಳು ತಮ್ಮ ತಮ್ಮ ಅರಸರ ಕೈಯಲ್ಲಿ. ತೆಲಂಗಾಣದವರು ನಿಜಾಮನ ಕೆಳಗೆ. ಗೋವೆಯವರು ಪೋರ್ಚುಗೀಸರ ಕೆಳಗೆ. ಆ ಮದ್ರಾಸ್ ಪ್ರಾಂತವೂ ಮುಂಬಯಿ ಪ್ರಾಂತವೂ ಇಂದು ಇಲ್ಲ. ನನ್ನ ಅಜ್ಜ ಮದ್ರಾಸ್ ಪ್ರಾಂತದಲ್ಲಿ ಹುಟ್ಟಿ ಕೇರಳ ರಾಜ್ಯದಲ್ಲಿ ಕಣ್ಣು ಮುಚ್ಚಿದರು. ನಡುವೆ ಒಂದು ದಿನವಾದರೂ ಮನೆ ಬದಲಾಯಿಸಿದವರಲ್ಲ. 1956ರ ನವೆಂಬರ್ 1ರ ಬೆಳಿಗ್ಗೆ ಎಂದಿನಂತೆ ಎದ್ದು ಹಟ್ಟಿಗೆ ಹೋಗಿ ದನಗಳಿಗೆ ಹುಲ್ಲು ಹಾಕಿದ್ದರಂತೆ. ಗಡಿ ಅವರನ್ನು ದಾಟಿತು. ಅವರು ಗಡಿಯನ್ನು ದಾಟಲಿಲ್ಲ.

ದೇಶ ಸ್ವತಂತ್ರವಾಗುವ ಮೊದಲೇ ನಮ್ಮ ಕಡೆಯವರೊಬ್ಬರು ಇಂಡಿಯಾ ಹೌಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು ಎಂಬುದನ್ನು ಇಲ್ಲಿಯೇ ತಿಳಿಸಬೇಕು. ಅವಿಭಜಿತ ದಕ್ಷಿಣ ಕನ್ನಡದ ಬೆನಗಲ್ ಮನೆತನದ ಸರ್ ಬಿ. ರಾಮರಾಯರು 1934ರಿಂದ 1938ರವರೆಗೆ ಅಲ್ಲಿ ಡೆಪ್ಯುಟಿ ಹೈಕಮಿಷನರ್ ಆಗಿದ್ದರು. ಮುಂದೆ ಅಮೆರಿಕೆಯಲ್ಲಿ ಭಾರತದ ರಾಯಭಾರಿಯೂ, ರಿಸರ್ವ್ ಬ್ಯಾಂಕಿನ ಗವರ್ನರೂ ಆದವರು ಇವರೇ. ಸಂವಿಧಾನ ರಚನೆಯಲ್ಲಿ ಸಲಹೆಗಾರರಾಗಿದ್ದ ಸರ್ ಬಿ. ಎನ್. ರಾಯರು ಇವರ ಅಣ್ಣ.

1947ರ ಆಗಸ್ಟ್ 15ರಂದು ಇಂಡಿಯಾ ಹೌಸಿನ ಮೇಲೆ ತ್ರಿವರ್ಣ ಧ್ವಜ ಏರಿತು. ಸ್ವತಂತ್ರ ಭಾರತದ ಮೊದಲ ಹೈಕಮಿಷನರ್ ವಿ. ಕೆ. ಕೃಷ್ಣಮೆನನ್, ಕೋಝಿಕೋಡಿನಲ್ಲಿ ಹುಟ್ಟಿದವರು. ಇಂಡಿಯಾ ಲೀಗ್ ಎಂಬ ಸಂಘದ ಮೂಲಕ ಎಷ್ಟೋ ವರ್ಷ ಅದೇ ಲಂಡನ್ನಿನ ಬೀದಿಗಳಲ್ಲಿ ಭಾರತದ ಸ್ವಾತಂತ್ರ್ಯಕ್ಕಾಗಿ ಭಾಷಣ ಮಾಡುತ್ತ, ಚಹಾ ಬಿಸ್ಕತ್ತುಗಳಲ್ಲಿ ಹೊಟ್ಟೆ ಹೊರೆಯುತ್ತ ಅಲೆದವರು ಅವರು. ಹೈಕಮಿಷನರ್ ಆದ ಮೇಲೆಯೂ ದೊಡ್ಡ ಬಂಗಲೆಯ ಸುಖಕ್ಕೆ ಒಲಿಯದೆ ಇಂಡಿಯಾ ಹೌಸಿನಲ್ಲಿಯೇ ಒಂದು ಕೋಣೆಯಲ್ಲಿ ವಾಸವಾಗಿದ್ದರು. 1952ರವರೆಗೆ ಅವರು ಆ ಹುದ್ದೆಯಲ್ಲಿದ್ದರು. ಅವರ ಆಡಳಿತದ ಕುರಿತು, ವಿಶೇಷವಾಗಿ 1948ರ ಜೀಪುಗಳ ಖರೀದಿಯ ಕುರಿತು ಕಟುವಾದ ಟೀಕೆಗಳು ಬಂದುದನ್ನೂ ಮರೆಮಾಚಬೇಕಾಗಿಲ್ಲ.

ಹೊಸ ಒಡೆಯರು ಬಂದ ಮೇಲೆ ಹಳೆಯ ಪ್ರಾಂತಗಳ ಲಾಂಛನಗಳನ್ನು ಗೋಡೆಯಿಂದ ಕಿತ್ತುಹಾಕಲಿಲ್ಲ. ನಮಗೆ ಇದು ಸರಿಯೆಂದೇ ತೋರುತ್ತದೆ. ಚಕ್ರವರ್ತಿಯ ಹಿರಿಮೆಗಾಗಿ ಕಟ್ಟಿದ ಮನೆಯಲ್ಲಿ ಗಣರಾಜ್ಯದ ಕಡತಗಳು ಸಾಗುತ್ತಿವೆ. ಮನೆ ಯಾರು ಕಟ್ಟಿದರೆಂಬುದು ಅದರ ಚರಿತ್ರೆ; ಒಳಗೆ ಯಾರ ಕೆಲಸ ನಡೆಯುತ್ತದೆಂಬುದು ಅದರ ಬಾಳು. ಚರಿತ್ರೆಯನ್ನು ಅಳಿಸದೆಯೂ ಬಾಳನ್ನು ಬದಲಿಸಬಹುದು.

ಇನ್ನು ನನ್ನ ತಪ್ಪಿನ ಪ್ರಶ್ನೆ. ರಾಯಭಾರ ಕಚೇರಿಯ ನೆಲ ಯಾರದು?

ತಾಳಮದ್ದಳೆ ಕೇಳುತ್ತ ಬೆಳೆದ ನಮಗೆ ದೂತಧರ್ಮ ಹೊಸತಲ್ಲ. ಅಂಗದ ಸಂಧಾನದಲ್ಲಿ, ಕೃಷ್ಣ ಸಂಧಾನದಲ್ಲಿ ರಾಯಭಾರಕ್ಕೆ ಬಂದವನು ಎಷ್ಟೇ ಕಟುವಾಗಿ ನುಡಿದರೂ ಅವನ ಮೈಮುಟ್ಟಬಾರದೆಂಬ ನ್ಯಾಯವನ್ನು ಅರ್ಥಧಾರಿಗಳು ಬೆಳಗಿನ ಜಾವದವರೆಗೆ ವಿಸ್ತರಿಸಿದ್ದನ್ನು ಕೇಳಿದ್ದೇವೆ. ಹನುಮಂತನನ್ನು ಕೊಲ್ಲಹೊರಟ ರಾವಣನನ್ನು ವಿಭೀಷಣ ತಡೆದುದೂ ಇದೇ ನ್ಯಾಯದಿಂದ. ಈ ಹಳೆಯ ನ್ಯಾಯವನ್ನು ಲೋಕದ ರಾಷ್ಟ್ರಗಳು ಕೂಡಿ 1961ರಲ್ಲಿ ವಿಯೆನ್ನಾ ನಗರದಲ್ಲಿ ಬರಹಕ್ಕಿಳಿಸಿದವು. ಆ ಒಪ್ಪಂದದ 22ನೆಯ ವಿಧಿಯ ಸಾರವಿಷ್ಟು: ರಾಯಭಾರ ಕಚೇರಿಯ ಮುಖ್ಯಾಧಿಕಾರಿಯ ಒಪ್ಪಿಗೆಯಿಲ್ಲದೆ ಆ ದೇಶದ ಪೋಲೀಸರಾಗಲಿ ಅಧಿಕಾರಿಗಳಾಗಲಿ ಒಳಗೆ ಕಾಲಿಡಕೂಡದು, ಅಲ್ಲಿ ಶೋಧನೆ, ಜಪ್ತಿಗಳನ್ನು ನಡೆಸಕೂಡದು, ಹೊರಗಿನವರಿಂದ ಅದಕ್ಕೆ ಕೇಡು ಬಾರದಂತೆ ಕಾಯುವುದು ಆತಿಥೇಯ ದೇಶದ ವಿಶೇಷ ಕರ್ತವ್ಯ.

ನೆಲವು ಪರದೇಶದ್ದಾಗುತ್ತದೆಂದು ಆ ಒಪ್ಪಂದದಲ್ಲಿ ಎಲ್ಲಿಯೂ ಹೇಳಿಲ್ಲ. ಇಂಡಿಯಾ ಹೌಸಿನ ಕೆಳಗಿನ ಮಣ್ಣು ಇಂಗ್ಲೆಂಡಿನ ಮಣ್ಣೇ. ಅಲ್ಲಿ ಹುಟ್ಟಿದ ಮಗು ಭಾರತದಲ್ಲಿ ಹುಟ್ಟಿದಂತಾಗದು. ಒಳಗಿರುವ ಅಧಿಕಾರಿಗಳೂ ಆ ದೇಶದ ಕಾನೂನನ್ನು ಗೌರವಿಸಬೇಕಾದವರೇ. ಸ್ವದೇಶದ ನೆಲ ಎಂಬುದು ಕೇಳಲು ಸೊಗಸಾದ ಮಾತು, ನಿಜವಲ್ಲ. ತರಬ���ತಿ ಕಾಲೇಜಿನಲ್ಲಿ ಯಾರೋ ಹೇಳಿದ್ದನ್ನು ನಾನು ಪರೀಕ್ಷಿಸದೆ ಮಕ್ಕಳಿಗೆ ದಾಟಿಸಿದೆ.

ನೆಲ ಅವರದಾದರೂ ಹೊಸ್ತಿಲಿಗೆ ಎಷ್ಟು ಮರ್ಯಾದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1984ರ ಏಪ್ರಿಲ್ 17ರಂದು ಲಂಡನ್ನಿನ ಲಿಬಿಯಾ ದೇಶದ ಕಚೇರಿಯೊಳಗಿಂದ ಹಾರಿದ ಗುಂಡು ತಗಲಿ ಹೊರಗೆ ಕರ್ತವ್ಯದಲ್ಲಿದ್ದ ಇವಾನ್ ಫ್ಲೆಚರ್ ಎಂಬ ಮಹಿಳಾ ಪೋಲೀಸರು ಸತ್ತರು. ಪೋಲೀಸರು ಕಟ್ಟಡವನ್ನು ಹನ್ನೊಂದು ದಿನ ಮುತ್ತಿ ನಿಂತರೇ ಹೊರತು ಬಾಗಿಲು ಒಡೆದು ನುಗ್ಗಲಿಲ್ಲ. ಒಳಗಿದ್ದವರನ್ನು ಕಡೆಗೆ ದೇಶದಿಂದ ಹೊರಗೆ ಕಳುಹಿಸಿದರು. ಸತ್ತವರ ತಾಯ್ತಂದೆಯರಿಗೆ ಇದು ಎಂತಹ ನೋವೆಂಬುದನ್ನು ಊಹಿಸಬಹುದು. ದೂತಧರ್ಮವನ್ನು ಪಾಲಿಸುವುದು ಸುಲಭವಲ್ಲ. ಇಂದು ಒಬ್ಬರ ಹೊಸ್ತಿಲು ಮುರಿದರೆ ನಾಳೆ ಎಲ್ಲರ ಹೊಸ್ತಿಲಿಗೂ ಕಾವಲಿಲ್ಲವಾಗುತ್ತದೆ.

ಕಾಯುವ ಕರ್ತವ್ಯಕ್ಕೂ ಇಂಡಿಯಾ ಹೌಸಿನಲ್ಲಿಯೇ ಉದಾಹರಣೆಗಳಿವೆ. 1973ರ ಫೆಬ್ರವರಿ 20ರಂದು ಮೂವರು ತರುಣರು ಆಯುಧ ಹಿಡಿದು ಒಳನುಗ್ಗಿ ಸಿಬ್ಬಂದಿಯನ್ನು ಒತ್ತೆಯಾಗಿ ಹಿಡಿದರು. ಲಂಡನ್ನಿನ ಪೋಲೀಸರು ಒಳಬಂದು ಗುಂಡು ಹಾರಿಸಿದರು, ಇಬ್ಬರು ಸತ್ತರು. ಅವರ ಕೈಯಲ್ಲಿದ್ದ ಪಿಸ್ತೂಲುಗಳು ಆಟಿಕೆಯವೆಂದು ಆಮೇಲೆ ತಿಳಿಯಿತು. 2023ರ ಮಾರ್ಚ್ 19ರಂದು ಪ್ರತಿಭಟನಕಾರರು ಕಟ್ಟಡದ ಮೊಗಸಾಲೆಯ ಮೇಲಿದ್ದ ನಮ್ಮ ಧ್ವಜವನ್ನು ಕೆಳಗೆಳೆದರು. ರಕ್ಷಣೆ ಸಾಲದಾಯಿತೆಂದು ಭಾರತ ಸರಕಾರ ಬ್ರಿಟನ್ನಿಗೆ ತೀವ್ರವಾದ ಆಕ್ಷೇಪ ಸಲ್ಲಿಸಿತು. ಕಚೇರಿಯವರು ಮೊದಲಿಗಿಂತ ದೊಡ್ಡದೊಂದು ಧ್ವಜವನ್ನು ಗೋಡೆಯ ಮೇಲೆ ಇಳಿಬಿಟ್ಟರು.

ಹೀಗೆ ಪಾಠವನ್ನು ಸಿದ್ಧಮಾಡಿಕೊಂಡು ಮರುವಾರ ಎಂಟನೆಯ ತರಗತಿಗೆ ಹೋದೆ. ನಾನು ಹಿಂದೆ ಹೇಳುತ್ತಿದ್ದ ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದು, ಅದರ ಮೇಲೆ ಗೀಟೆಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದೆ. ಮಾಷ್ಟ್ರು ತಮ್ಮದೇ ತಪ್ಪು ತಿದ್ದುತ್ತಿದ್ದಾರೆಂದು ಮಕ್ಕಳಿಗೆ ಬಹಳ ಖುಷಿ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು ಕೇಳಿದಳು: “ನೆಲ ಅವರದ್ದಾದರೆ ಅದು ನಮ್ಮ ಮನೆ ಹೇಗಾಗುತ್ತದೆ ಮಾಷ್ಟ್ರೇ?”

ನಾನು ಅವಳಿಗೆ ಹಾಜರಿ ಪುಸ್ತಕವನ್ನು ತೋರಿಸಿದೆ. “ಈ ಶಾಲೆ ಇರುವುದು ಯಾವ ರಾಜ್ಯದಲ್ಲಿ?” ಎಂದೆ. “ಕೇರಳದಲ್ಲಿ” ಎಂದಳು. “ಸಂಬಳ ಕೊಡುವವರು, ಪರೀಕ್ಷೆ ನಡೆಸುವವರು?” “ಕೇರಳ ಸರಕಾರ.” “ಬೆಳಿಗ್ಗೆ ನಿನ್ನ ಹೆಸರನ್ನು ನಾನು ಕರೆಯುವುದು, ಈ ಪುಸ್ತಕದಲ್ಲಿ ಬರೆಯುವುದು?” ಅವಳು ಸ್ವಲ್ಪ ಯೋಚಿಸಿ, “ಕನ್ನಡದಲ್ಲಿ” ಎಂದಳು. ಕುಳಿತುಕೊಳ್ಳುವಂತೆ ಹೇಳಿದೆ. ದೇಶ ದೇಶಗಳ ರಾಯಭಾರಕ್ಕೂ ನಮ್ಮ ಹಳ್ಳಿಯ ಶಾಲೆಗೂ ಕಾನೂನಿನಲ್ಲಿ ಹೋಲಿಕೆಯಿಲ್ಲವೆಂಬುದನ್ನೂ ಆಮೇಲೆ ಬಿಡಿಸಿ ಹೇಳಿದೆ. ಇನ್ನೊಂದು ತಪ್ಪು ಪಾಠ ನನ್ನಿಂದಾಗಬಾರದಷ್ಟೆ. ಆದರೆ ಅವಳು ಕೇಳಿದ ಪ್ರಶ್ನೆಗೆ ನನಗೆ ತೋಚಿದ ಉತ್ತರ ಅದು. ನಮ್ಮ ಹೆಸರನ್ನು ನಮ್ಮದೆಂದು ಬರೆದುಕೊಳ್ಳುವ ಪುಸ್ತಕ ಎಲ್ಲಿ ತೆರೆದಿರುತ್ತದೋ ಅಲ್ಲಿ ನಮಗೆ ಮನೆಯಿದೆ. ಅದನ್ನು ಬರೆಯಿಸದೆ ಸುಮ್ಮನಿದ್ದರೆ ನೆಲ ಯಾರದಾದರೂ ಪ್ರಯೋಜನವಿಲ್ಲ.

ಮಗುವಿನ ಜನನವು ವರ್ಷ ತುಂಬುವ ಮೊದಲೇ ನೋಂದಾವಣೆಯಾಯಿತು. ದಾಖಲೆಯ ಚಿತ್ರವನ್ನು ನನ್ನ ವಿದ್ಯಾರ್ಥಿ ಕಳುಹಿಸಿದ್ದಾನೆ. ಊರಿನಲ್ಲಿರುವ ಅವನ ಅಮ್ಮನಿಗೆ ಅದನ್ನು ಓದಿ ಹೇಳಿದೆ. ಅವರು ಕಣ್ಣೊರಸಿಕೊಂಡು, ಬರುವ ಬೇಸಗೆಯಲ್ಲಿ ಮೊಮ್ಮಗಳು ಬರುವಳೆಂದು ಹಪ್ಪಳಕ್ಕೆ ಹಲಸಿನಕಾಯಿ ನೋಡಿಡಲು ಈಗಲೇ ಹೇಳಿದ್ದಾರೆ.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ತಮ್ಮ ಮಕ್ಕಳು, ಮೊಮ್ಮಕ್ಕಳು, ಬಂಧುಗಳು ಹೊರದೇಶದಲ್ಲಿದ್ದು, ಅಲ್ಲಿ ಹುಟ್ಟಿದ ಮಗು ಭಾರತದ ಪ್ರಜೆಯಾಗಿರಬೇಕೆಂದು ಬಯಸುವುದಾದರೆ, ಒಂದು ವರ್ಷದೊಳಗೆ ಅಲ್ಲಿಯ ಭಾರತೀಯ ಕಚೇರಿಯಲ್ಲಿ ಜನನವನ್ನು ನೋಂದಾಯಿಸಲು ನೆನಪಿಸಿರಿ. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಾಯ್ತಂದೆಯರು ಬರೆದುಕೊಡಬೇಕಾಗುತ್ತದೆ ಎಂಬುದನ್ನೂ ತಿಳಿಸಿರಿ. ಹನ್ನೊಂದನೆಯ ತಿಂಗಳವರೆಗೆ ಕಾಯುವುದು ಬೇಡ.

ಮುಂದಿನ ತಿಂಗಳು ಮತ್ತೆ ಜಗಲಿಯಲ್ಲಿ ಕೂಡೋಣ.